ಬಜಪೆಯಿಂದ ಪರದೇಶಕ್ಕೆ: ಲಗೇಜು ನೋಡಿ ಟಿಕೆಟು ಆರಿಸುವ ಬಗೆ

ಉಡುಪಿ, ಮಂಗಳೂರು ಕಡೆಯಿಂದ ಪರದೇಶಕ್ಕೆ ಹೊರಡುವವರಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಬಜಪೆಯ ವಿಮಾನ ನಿಲ್ದಾಣದಿಂದ ದುಬೈ, ಅಬುಧಾಬಿ, ದಮ್ಮಾಮ್, ಮಸ್ಕತ್ ಮುಂತಾದ ಗಲ್ಫ್ ನಗರಗಳಿಗೆ ನೇರವಾಗಿ ಹಾರುವುದು ಒಂದು. ಅಲ್ಲಿಂದಲೇ ಬೆಂಗಳೂರಿಗೋ ಮುಂಬಯಿಗೋ ಒಳನಾಡಿನ ವಿಮಾನ ಹಿಡಿದು, ಅಲ್ಲಿ ವಿಮಾನ ಬದಲಾಯಿಸಿ ಅಮೆರಿಕ, ಯುರೋಪ್, ಆಸ್ಟ್ರೇಲಿಯಾ ಎಂದು ಮುಂದುವರಿಯುವುದು ಎರಡನೆಯದು. ಘಾಟಿ ಹತ್ತಿ ರಾತ್ರಿ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಬಾಡಿಗೆ ಕಾರಿನಲ್ಲಿಯೋ ಬೆಂಗಳೂರು ಸೇರಿ, ದೊಡ್ಡ ವಿಮಾನವನ್ನು ಅಲ್ಲಿಂದಲೇ ಹಿಡಿಯುವುದು ಮೂರನೆಯದು. ಈ ಮೂರರಲ್ಲಿ ಒಂದನ್ನು ಆರಿಸುವಾಗ ನಾವು ದರ ನೋಡುತ್ತೇವೆ, ಹೊರಡುವ ಹೊತ್ತು ನೋಡುತ್ತೇವೆ, ನಡುವೆ ಎಷ್ಟು ತಾಸು ಕಾಯಬೇಕೆಂದು ನೋಡುತ್ತೇವೆ. ಲಗೇಜಿನ ವಿಚಾರ ಬರುವುದು ಪೆಟ್ಟಿಗೆ ಕಟ್ಟಲು ಕುಳಿತಾಗ. ಅಷ್ಟು ಹೊತ್ತಿಗೆ ಟಿಕೆಟು ಕೈಯಲ್ಲಿರುತ್ತದೆ, ಬದಲಾಯಿಸಲು ಹೋದರೆ ಹಣ ಕಳೆಯುತ್ತದೆ.

ಮನೆಯವರಿಗೆ, ನೆಂಟರಿಗೆ ಟಿಕೆಟು ಮಾಡಿಕೊಡುತ್ತ ಬಂದ ಅನುಭವದಿಂದ ನಾನು ಕಂಡುಕೊಂಡ ಮುಖ್ಯ ಸಂಗತಿ ಒಂದೇ. ಟಿಕೆಟಿನ ಮೇಲೆ ದೊಡ್ಡದಾಗಿ ಕಾಣಿಸುವ ಕಿಲೋ ಲೆಕ್ಕ ನಿಮ್ಮ ಮಿತಿಯಲ್ಲ. ಮನೆಯಿಂದ ಹೊರಟು ತಲಪುವ ಊರಿನವರೆಗಿನ ಇಡೀ ಪ್ರಯಾಣದಲ್ಲಿ ಎಲ್ಲಿ ಅತ್ಯಂತ ಕಡಿಮೆ ತೂಕಕ್ಕೆ ಅವಕಾಶವಿದೆಯೋ ಆ ಹಂತವೇ ನಿಮ್ಮ ನಿಜವಾದ ಮಿತಿ. ಆ ಇಕ್ಕಟ್ಟಿನ ಹಂತ ಯಾವುದೆಂದು ಮೊದಲೇ ಪತ್ತೆ ಹಚ್ಚಿದರೆ, ಯಾವ ದಾರಿ ಅಗ್ಗ, ಯಾವುದು ದುಬಾರಿ ಎಂಬುದು ತಾನಾಗಿ ತಿಳಿಯುತ್ತದೆ.

ತೂಕದ ಲೆಕ್ಕ, ನಗದ ಲೆಕ್ಕ

ವಿಮಾನ ಸಂಸ್ಥೆಗಳು ಚೆಕ್‌ಇನ್ ಲಗೇಜನ್ನು ಎರಡು ಬಗೆಯಲ್ಲಿ ಎಣಿಸುತ್ತವೆ. ಒಂದು ತೂಕದ ಲೆಕ್ಕ. ಇದರಲ್ಲಿ ಒಟ್ಟು ಇಷ್ಟು ಕೆ.ಜಿ. ಎಂದು ಹೇಳಿಬಿಡುತ್ತಾರೆ, ಅದನ್ನು ಒಂದು ಪೆಟ್ಟಿಗೆಯಲ್ಲಿ ತುಂಬಬೇಕೋ ಎರಡರಲ್ಲೋ ಎಂಬುದು ಹೆಚ್ಚಿನ ಸಂಸ್ಥೆಗಳಲ್ಲಿ ನಿಮಗೆ ಬಿಟ್ಟದ್ದು. ಭಾರತದಿಂದ ಗಲ್ಫ್‌ಗೆ ಹೋಗುವ ವಿಮಾನಗಳಲ್ಲಿ ಸಾಮಾನ್ಯವಾಗಿ ಇದೇ ಪದ್ಧತಿ. ಇನ್ನೊಂದು ನಗದ ಲೆಕ್ಕ, ಅಂದರೆ ಪೆಟ್ಟಿಗೆಗಳ ಎಣಿಕೆ. ಇದರಲ್ಲಿ ಇಷ್ಟು ಪೆಟ್ಟಿಗೆ, ಒಂದೊಂದೂ 23 ಕೆ.ಜಿ.ಯೊಳಗೆ, ಒಂದೊಂದರ ಉದ್ದ, ಅಗಲ, ಎತ್ತರ ಕೂಡಿಸಿದರೆ 158 ಸೆಂಟಿಮೀಟರು ಮೀರಬಾರದು ಎಂಬ ಮೂರು ಶರತ್ತುಗಳು ಒಟ್ಟಿಗೆ ಇರುತ್ತವೆ. ಅಮೆರಿಕ, ಕೆನಡಾಗಳಿಗೆ ಹೋಗುವ ಪ್ರಯಾಣಗಳಿಗೆ ಬಹುಮಟ್ಟಿಗೆ ಈ ಪದ್ಧತಿ ಅನ್ವಯಿಸುತ್ತದೆ. ನಿಮ್ಮ ಇ-ಟಿಕೆಟಿನಲ್ಲಿ ಪ್ರತಿಯೊಂದು ಹಾರಾಟದ ಮುಂದೆ ಸಣ್ಣ ಅಕ್ಷರದಲ್ಲಿ ಇದು ಅಚ್ಚಾಗಿರುತ್ತದೆ: '30ಕೆ' ಎಂದಿದ್ದರೆ ಒಟ್ಟು ಮೂವತ್ತು ಕಿಲೋ, '2ಪಿಸಿ' ಎಂದಿದ್ದರೆ ಎರಡು ನಗ.

ಈ ಎರಡರ ನಡುವಿನ ವ್ಯತ್ಯಾಸ ನಮ್ಮ ಅಡುಗೆಮನೆಯ ಸಾಮಾನಿನಲ್ಲೇ ಚೆನ್ನಾಗಿ ಕಾಣುತ್ತದೆ. ಕೋರಿ ರೊಟ್ಟಿಯನ್ನು ತೆಗೆದುಕೊಳ್ಳಿ. ಅದು ಹಗುರ, ಆದರೆ ಮುರಿಯದಂತೆ ಜೋಡಿಸಿದರೆ ದೊಡ್ಡ ರಟ್ಟಿನ ಪೆಟ್ಟಿಗೆಯೇ ಬೇಕು. 60 ಸೆಂಟಿಮೀಟರು ಉದ್ದ, ಅಷ್ಟೇ ಅಗಲ, 50 ಸೆಂಟಿಮೀಟರು ಎತ್ತರದ ಪೆಟ್ಟಿಗೆಯಲ್ಲಿ ರೊಟ್ಟಿ ತುಂಬಿದರೆ ತೂಕ ಹತ್ತು ಕಿಲೋ ಮುಟ್ಟದೆ ಇರಬಹುದು, ಆದರೆ ಅಳತೆ 170 ಆಯಿತು. ನಗದ ಲೆಕ್ಕದಲ್ಲಿ ಅದು ಮಿತಿ ಮೀರಿದ ಪೆಟ್ಟಿಗೆ. ಕುಚ್ಚಲಕ್ಕಿ ಇದಕ್ಕೆ ತದ್ವಿರುದ್ಧ. ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣ ಚೀಲವಾಗಿ ಕುಳಿತು ಹತ್ತು ಕಿಲೋ ತಿಂದುಬಿಡುತ್ತದೆ. ತೂಕದ ಲೆಕ್ಕದ ಟಿಕೆಟಿನಲ್ಲಿ ಅಕ್ಕಿ ಶತ್ರು, ನಗದ ಲೆಕ್ಕದ ಟಿಕೆಟಿನಲ್ಲಿ ರೊಟ್ಟಿ ಶತ್ರು ಎಂದು ನೆನಪಿಟ್ಟುಕೊಂಡರೆ ಸಾಕು.

ಮನೆಮಂದಿ ಒಟ್ಟಿಗೆ ಹೋಗುವಾಗ ಈ ವ್ಯತ್ಯಾಸ ಇನ್ನೂ ದೊಡ್ಡದು. ತೂಕದ ಲೆಕ್ಕದಲ್ಲಿ ಒಂದೇ ಬುಕಿಂಗಿನಲ್ಲಿರುವವರ ತೂಕವನ್ನು ಒಟ್ಟು ಸೇರಿಸಿ ಹಂಚಿಕೊಳ್ಳಲು ಹಲವು ಸಂಸ್ಥೆಗಳು ಬಿಡುತ್ತವೆ. ಗಂಡನ ಪೆಟ್ಟಿಗೆ 24 ಕೆ.ಜಿ., ಹೆಂಡತಿಯದು 32 ಆದರೂ ನಡೆಯುತ್ತದೆ. ನಗದ ಲೆಕ್ಕದಲ್ಲಿ ಒಂದು ಪೆಟ್ಟಿಗೆ 20, ಇನ್ನೊಂದು 26 ಎಂದಾದರೆ ಒಟ್ಟು 46 ಸರಿಯಾಗಿಯೇ ಇದ್ದರೂ 26ರ ಪೆಟ್ಟಿಗೆಗೆ ದಂಡ ತಪ್ಪದು. ಅದರ ದಂಡದ ರೀತಿಯನ್ನೂ ಗಮನಿಸಬೇಕು. ನಗದ ಲೆಕ್ಕದ ಸಂಸ್ಥೆಗಳು ಸಾಮಾನ್ಯವಾಗಿ 23ರಿಂದ 32 ಕೆ.ಜಿ.ಯವರೆಗಿನ ಪೆಟ್ಟಿಗೆಗೆ ಒಂದೇ ಮೊತ್ತ ವಿಧಿಸುತ್ತವೆ; ಒಂದು ಕಿಲೋ ಹೆಚ್ಚಾದರೂ ಅಷ್ಟೇ, ಒಂಬತ್ತು ಕಿಲೋ ಹೆಚ್ಚಾದರೂ ಅಷ್ಟೇ. ಆದ್ದರಿಂದ ಒಂದೆರಡು ಕಿಲೋ ಹೆಚ್ಚಿದ್ದರೆ ತೆಗೆದುಬಿಡುವುದೇ ಲೇಸು. ತೆಗೆಯಲಾಗದಷ್ಟು ಸಾಮಾನಿದ್ದರೆ, ತೂಕ ಹೆಚ್ಚಾದ ಪೆಟ್ಟಿಗೆಯ ಶುಲ್ಕವನ್ನೂ ಮೂರನೆಯ ಪೆಟ್ಟಿಗೆಯ ಶುಲ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿ, ಒಂಬತ್ತು ಕಿಲೋ ಒಳಗಿನದಾದರೆ ಮೊದಲನೆಯದನ್ನು, ಅದಕ್ಕಿಂತ ಹೆಚ್ಚಾದರೆ ಎರಡನೆಯದನ್ನು ಆರಿಸುವುದು ಬಹುತೇಕ ಲಾಭದಾಯಕ.

ಎರಡೂ ಪದ್ಧತಿಗೆ ಸಮಾನವಾದ ಒಂದು ಗಡಿಯಿದೆ. ಯಾವ ಪೆಟ್ಟಿಗೆಯೂ 32 ಕೆ.ಜಿ. ಮೀರಬಾರದು. ನಿಮ್ಮ ಟಿಕೆಟಿನಲ್ಲಿ 40 ಕೆ.ಜಿ. ಇದ್ದರೂ ಅದನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬುವಂತಿಲ್ಲ. ಪೆಟ್ಟಿಗೆ ಎತ್ತಿ ಇಳಿಸುವ ಕೆಲಸಗಾರರ ಬೆನ್ನು ಕಾಯಲು ಮಾಡಿದ ನಿಯಮ ಇದು; ಹಣ ಕೊಡುತ್ತೇನೆಂದರೂ ಸಡಿಲವಾಗುವುದಿಲ್ಲ, ಆಗಬಾರದು ಕೂಡ.

ಒಂದೇ ಟಿಕೆಟೋ, ಎರಡು ಟಿಕೆಟೋ

ನನ್ನ ಮಟ್ಟಿಗೆ ಇಡೀ ಹೋಲಿಕೆಯಲ್ಲಿ ಅತ್ಯಂತ ಮುಖ್ಯವಾದ ಭಾಗ ಇದು. ಅಮೆರಿಕಕ್ಕೋ ಲಂಡನ್ನಿಗೋ ಮಂಗಳೂರಿನಿಂದ ನೇರ ವಿಮಾನವಿಲ್ಲ. ಆದ್ದರಿಂದ ಹಲವರು ಮುಂಬಯಿಯಿಂದ ಮುಂದಕ್ಕೆ ಒಂದು ಟಿಕೆಟು, ಮಂಗಳೂರಿನಿಂದ ಮುಂಬಯಿಗೆ ಬೇರೊಂದು ಅಗ್ಗದ ಟಿಕೆಟು ಎಂದು ಎರಡಾಗಿ ಕೊಳ್ಳುತ್ತಾರೆ. ನಾನೂ ಹಾಗೆ ಮಾಡಿದ್ದೆ.

ಅಕ್ಕನ ಮಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಓದಲು ಹೊರಟಾಗ ಟಿಕೆಟು ಮಾಡಿದವನು ನಾನೇ. ಮುಂಬಯಿಯಿಂದ ಮುಂದಕ್ಕೆ ಅವನಿಗೆ ಎರಡು ನಗ, ಅಂದರೆ 46 ಕೆ.ಜಿ. ಇತ್ತು. ಮಂಗಳೂರು–ಮುಂಬಯಿ ಟಿಕೆಟನ್ನು ಬೇರೆಯಾಗಿ ಕೊಂಡರೆ ನಾಲ್ಕು ಸಾವಿರ ರೂಪಾಯಿ ಉಳಿಯುತ್ತದೆಂದು ಹಾಗೆಯೇ ಮಾಡಿದೆ. ಒಳನಾಡಿನ ಟಿಕೆಟಿನಲ್ಲಿ ಇರುವುದು 15 ಕೆ.ಜಿ. ಎಂಬುದು ನನಗೆ ಗೊತ್ತಿತ್ತು. ಮುಂದಿನ ಟಿಕೆಟು ತೋರಿಸಿದರೆ ಒಪ್ಪುತ್ತಾರೆಂದು ಭಾವಿಸಿದ್ದೆ. ಒಪ್ಪಲಿಲ್ಲ. ಹುಡುಗ ಒಳಗೆ ಕೌಂಟರಿನ ಮುಂದೆ, ನಾನೂ ಅಕ್ಕನೂ ಹೊರಗೆ ಕಟಕಟೆಯ ಬಳಿ. 31 ಕಿಲೋ ಹೆಚ್ಚುವರಿಗೆ ಹದಿನಾರು ಸಾವಿರಕ್ಕೂ ಮೇಲೆ ಕೇಳುತ್ತಿದ್ದಾರೆಂದು ಫೋನು ಮಾಡಿದ. "ಮಾವ, ಅಕ್ಕಿಯನ್ನೂ ಪಾತ್ರೆಗಳನ್ನೂ ತೆಗೆದುಬಿಡಲಾ? ಅಮ್ಮನಿಗೆ ಹೇಳಬೇಡಿ" ಎಂದ. ಭದ್ರತೆಯವರಿಗೆ ಹೇಳಿ ಟ್ರಾಲಿ ತಳ್ಳಿಕೊಂಡು ಹೊರಗೆ ಬಂದು, ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಕುಚ್ಚಲಕ್ಕಿಯ ಚೀಲ, ಕುಕ್ಕರು, ಅಕ್ಕ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಮಿಡಿ ಉಪ್ಪಿನಕಾಯಿಯ ಭರಣಿ ಒಂದೊಂದಾಗಿ ತೆಗೆದೆವು. ಉಳಿದದ್ದಕ್ಕೆ ಏಳು ಸಾವಿರ ಕಟ್ಟಿದೆವು. ಸಿಬ್ಬಂದಿ ನಿಯಮದಂತೆಯೇ ನಡೆದುಕೊಂಡರು. ತಪ್ಪು ನನ್ನ ಲೆಕ್ಕದ್ದು.

ಒಂದೇ ಟಿಕೆಟಿನಲ್ಲಿ, ಅಂದರೆ ಒಂದೇ ಪಿಎನ್‌ಆರ್‌ನಲ್ಲಿ ಮಂಗಳೂರಿನಿಂದ ಅಮೆರಿಕದ ಊರಿನವರೆಗೆ ಬುಕ್ ಮಾಡಿದ್ದರೆ ಹೀಗಾಗುತ್ತಿರಲಿಲ್ಲ. ಅಮೆರಿಕಕ್ಕೆ ಹೋಗುವ ಅಥವಾ ಅಲ್ಲಿಂದ ಹೊರಡುವ ಒಂದೇ ಟಿಕೆಟಿನ ಪ್ರಯಾಣದಲ್ಲಿ ಆರಂಭದಿಂದ ಕೊನೆಯವರೆಗೆ ಲಗೇಜಿನ ಮಿತಿಯೂ ಶುಲ್ಕವೂ ಒಂದೇ ಆಗಿರಬೇಕೆಂದು ಆ ದೇಶದ ಸಾರಿಗೆ ಇಲಾಖೆ ವಿಧಿಸಿದೆ. ಬೇರೆ ದೇಶಗಳಿಗೆ ಹೋಗುವಾಗಲೂ ಹಲವು ಸಂಸ್ಥೆಗಳ ವಿಮಾನಗಳು ಒಂದೇ ಟಿಕೆಟಿನಲ್ಲಿ ಸೇರಿದ್ದರೆ ಯಾರ ನಿಯಮ ನಡೆಯಬೇಕು ಎಂಬುದಕ್ಕೆ ಅಂತಾರಾಷ್ಟ್ರೀಯ ವಾಯು ಸಾರಿಗೆ ಸಂಘವಾದ ಐಎಟಿಎ 2011ರಿಂದ ಒಂದು ಕ್ರಮ ತಂದಿದೆ. ಅದರ ಸಾರವೆಂದರೆ, ಪ್ರಯಾಣದ ಮುಖ್ಯ ಭಾಗವನ್ನು, ಸಾಮಾನ್ಯವಾಗಿ ಖಂಡದಿಂದ ಖಂಡಕ್ಕೆ ಹಾರುವ ಭಾಗವನ್ನು, ಯಾವ ಸಂಸ್ಥೆ ನಡೆಸುತ್ತದೆಯೋ ಅದರ ನಿಯಮವೇ ಸಣ್ಣ ಹಾರಾಟಗಳಿಗೂ ಅನ್ವಯಿಸುವುದು. ಹೀಗಾಗಿ ಒಂದೇ ಟಿಕೆಟಿನಲ್ಲಿ ಬಜಪೆಯಿಂದ ಹೊರಡುವ ಸಣ್ಣ ವಿಮಾನದಲ್ಲೂ ನಿಮಗೆ ಆ 2ಪಿಸಿ ದೊರೆಯುತ್ತದೆ. ಎರಡು ಟಿಕೆಟು ಮಾಡಿದ ಕೂಡಲೇ ಈ ರಕ್ಷಣೆ ಹೋಗುತ್ತದೆ. ಒಂದು ಸಂಸ್ಥೆಗೆ ಇನ್ನೊಂದರ ಹಂಗಿಲ್ಲ.

ಇಷ್ಟೇ ಅಲ್ಲ. ಒಂದೇ ಟಿಕೆಟಿನಲ್ಲಿ ಪೆಟ್ಟಿಗೆಗೆ ಬಜಪೆಯಲ್ಲೇ ಕೊನೆಯ ಊರಿನವರೆಗಿನ ಟ್ಯಾಗು ಬೀಳುವುದು ಸಾಧ್ಯ. ಎರಡು ಟಿಕೆಟಾದರೆ ನಡುವೆ ಪೆಟ್ಟಿಗೆ ಇಳಿಸಿಕೊಂಡು, ಹೊರಗೆ ಬಂದು, ಮತ್ತೆ ಚೆಕ್‌ಇನ್ ಮಾಡಬೇಕು. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರಿನಿಂದ ಅಂತಾರಾಷ್ಟ್ರೀಯ ವಿಮಾನಗಳು ಎರಡನೆಯ ಟರ್ಮಿನಲಿನಿಂದ ಹೊರಡುತ್ತವೆ. ಮಂಗಳೂರಿನಿಂದ ಬಂದ ವಿಮಾನ ಒಂದನೆಯ ಟರ್ಮಿನಲಿನಲ್ಲಿ ಇಳಿಸಿದರೆ ಪೆಟ್ಟಿಗೆಗಳ ಸಮೇತ ಟರ್ಮಿನಲು ಬದಲಾಯಿಸಬೇಕಾಗುತ್ತದೆ. ಮುಂಬಯಿಯಲ್ಲೂ ಎರಡು ಟರ್ಮಿನಲುಗಳ ನಡುವೆ ವಾಹನದಲ್ಲೇ ಹೋಗುವಷ್ಟು ದೂರವಿದೆ. ಇನ್ನು ನಮ್ಮ ಮಳೆಗಾಲ. ಬಜಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ. ಜಡಿಮಳೆ, ಮಂಜು ಕವಿದ ದಿನ ವಿಮಾನಗಳು ಬೇರೆ ನಿಲ್ದಾಣಕ್ಕೆ ತಿರುಗುವುದೂ ತಡವಾಗುವುದೂ ನಮಗೆ ಹೊಸತಲ್ಲ. ಒಂದೇ ಟಿಕೆಟಿನಲ್ಲಿ ಮುಂದಿನ ವಿಮಾನ ತಪ್ಪಿದರೆ ಬೇರೆ ವಿಮಾನಕ್ಕೆ ಹತ್ತಿಸುವ ಹೊಣೆ ಸಂಸ್ಥೆಯದು, ಬೇರೆಬೇರೆ ಟಿಕೆಟಾದರೆ ನಷ್ಟವೆಲ್ಲ ನಿಮ್ಮದು. ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಓದಲು ಹೊರಡುವ ಮಕ್ಕಳ ತಂದೆತಾಯಿಯರು ಇದನ್ನು ವಿಶೇಷವಾಗಿ ಯೋಚಿಸಬೇಕು.

ಹಾಗಾದರೆ ಬೇರೆ ಟಿಕೆಟು ಎಂದೂ ಬೇಡವೇ? ಹಾಗೆ ಹೇಳಲಾರೆ. ಬರಿಯ ಒಂದು ಸಣ್ಣ ಪೆಟ್ಟಿಗೆಯೊಂದಿಗೆ, ನಡುವೆ ಒಂದು ರಾತ್ರಿ ಬೆಂಗಳೂರಿನ ನೆಂಟರ ಮನೆಯಲ್ಲಿ ಉಳಿಯುವ ಲೆಕ್ಕದಲ್ಲಿ ಹೋಗುವವರಿಗೆ ಅದು ಸರಿಯೇ. ಎರಡು ದೊಡ್ಡ ಪೆಟ್ಟಿಗೆ ಇದ್ದು ಒಂದೇ ಟಿಕೆಟು ತೀರ ದುಬಾರಿಯಾಗಿದ್ದರೆ ಮೂರನೆಯ ದಾರಿಯನ್ನು ನೋಡಬಹುದು. ಬಸ್ಸಿನಲ್ಲಿ, ರೈಲಿನಲ್ಲಿ 46 ಕಿಲೋ ಒಯ್ಯುವುದು ದಣಿವಿನ ಕೆಲಸವಾದರೂ ಕಿಲೋ ಒಂದಕ್ಕೆ ನೂರಾರು ರೂಪಾಯಿ ಕೇಳುವವರಿಲ್ಲ. ಇಬ್ಬರು ಮೂವರು ಒಟ್ಟಿಗೆ ಹೊರಟರೆ ಬಾಡಿಗೆ ಕಾರು ಮಾಡಿದರೂ ಲೆಕ್ಕ ಸರಿಹೋಗುತ್ತದೆ. ಆದರೆ ಮಳೆಗಾಲದಲ್ಲಿ ಶಿರಾಡಿ ಘಾಟಿ ಮುಚ್ಚುವುದುಂಟು, ಆದ್ದರಿಂದ ಅದೇ ದಿನದ ವಿಮಾನವನ್ನು ನಂಬಿ ಹೊರಡಬಾರದು.

ಅಮೆರಿಕಕ್ಕೆ ಹೋಗುವವರು ಒಂದು ಮಾತು ತಿಳಿದಿರಬೇಕು. ಕೊನೆಯ ಊರಿನವರೆಗೆ ಟ್ಯಾಗು ಹಾಕಿದ್ದರೂ ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ಪಟ್ಟಿಯಿಂದ ಇಳಿಸಿಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಮುಂದಿನ ವಿಮಾನಕ್ಕೆ ಒಪ್ಪಿಸುವುದು ಸಾಮಾನ್ಯ ಕ್ರಮ. ಅಬುಧಾಬಿ ಮಾರ್ಗವಾಗಿ ಹೋದರೆ ಅಲ್ಲಿಯೇ ಅಮೆರಿಕದ ವಲಸೆ ಮತ್ತು ಕಸ್ಟಮ್ಸ್ ತಪಾಸಣೆ ಮುಗಿಸುವ ವ್ಯವಸ್ಥೆ 2014ರಿಂದ ಇದೆ. ವಯಸ್ಸಾದ ತಂದೆತಾಯಿ ಮಕ್ಕಳ ಮನೆಗೆ ಹೋಗುವಾಗ ಈ ಒಂದು ಅನುಕೂಲಕ್ಕಾಗಿಯೇ ಆ ದಾರಿಯನ್ನು ಆರಿಸಿದರೆ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ.

ಗಲ್ಫ್‌ಗೆ ಹೋಗುವವರ ಆಯ್ಕೆ

ಗಲ್ಫ್ ಪ್ರಯಾಣಿಕರಿಗೆ ನೇರ ವಿಮಾನವಿರುವುದರಿಂದ ಮೇಲಿನ ತೊಡಕಿಲ್ಲ. ಅವರ ಹೋಲಿಕೆ ನಡೆಯಬೇಕಾದದ್ದು ದರದ ವರ್ಗಗಳ ನಡುವೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಭಾರತ ಮತ್ತು ಮಧ್ಯಪ್ರಾಚ್ಯದ ನಡುವಿನ ವಿಮಾನಗಳಲ್ಲಿ ಚೆಕ್‌ಇನ್ ಮಿತಿಯನ್ನು 2025ರ ಆರಂಭದಲ್ಲಿ 30 ಕೆ.ಜಿ.ಗೆ ಏರಿಸಿತು, ಕೈಚೀಲದ 7 ಕೆ.ಜಿ. ಪ್ರತ್ಯೇಕ. ಆದರೆ ಅದೇ ಸಂಸ್ಥೆಯಲ್ಲಿ 'ಲೈಟ್' ಎಂಬ ದರವೂ ಇದೆ, ಅದರಲ್ಲಿ ಚೆಕ್‌ಇನ್ ಲಗೇಜೇ ಇರುವುದಿಲ್ಲ. ಎಮಿರೇಟ್ಸ್‌ನಂಥ ದೊಡ್ಡ ಸಂಸ್ಥೆಗಳು ಎಕಾನಮಿಯಲ್ಲೇ ಸೇವರ್, ಫ್ಲೆಕ್ಸ್ ಎಂದು ದರಗಳನ್ನು ಬೇರೆಬೇರೆ ಮಾಡಿ, ಒಂದೊಂದಕ್ಕೆ ಒಂದೊಂದು ತೂಕ ಇಡುತ್ತವೆ. ಆದ್ದರಿಂದ "ಈ ಸಂಸ್ಥೆಯಲ್ಲಿ ಮೂವತ್ತು ಕಿಲೋ ಉಂಟು" ಎಂದು ಬಾಯಿಮಾತಿನಲ್ಲಿ ಕೇಳಿದ್ದನ್ನು ನೆಚ್ಚಬಾರದು. ಅದು ಯಾವ ದರದಲ್ಲಿ ಎಂಬುದೇ ಪ್ರಶ್ನೆ. ಟ್ರಾವೆಲ್ ಏಜೆನ್ಸಿಯವರು ಫೋನಿನಲ್ಲಿ ಕನಿಷ್ಠ ದರ ಹೇಳಿದಾಗ, "ಇದರಲ್ಲಿ ಚೆಕ್‌ಇನ್ ಎಷ್ಟು ಕಿಲೋ ಸೇರಿದೆ?" ಎಂದು ಕೇಳಿ, ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಲೈಟ್ ದರದಲ್ಲಿ ಕೊಂಡು ಲಗೇಜನ್ನು ಆಮೇಲೆ ಸೇರಿಸುವುದೂ ಲಗೇಜು ಸೇರಿದ ದರವನ್ನೇ ಕೊಳ್ಳುವುದೂ ಎರಡನ್ನೂ ಲೆಕ್ಕ ಹಾಕಿ ನೋಡಬೇಕು. ಸೇರಿಸುವುದಾದರೆ ಮನೆಯಲ್ಲೇ, ವೆಬ್‌ಸೈಟಿನಲ್ಲೋ ಆ್ಯಪಿನಲ್ಲೋ, ಹೊರಡುವ ಮುನ್ನವೇ ಸೇರಿಸಬೇಕು. ಮುಂಗಡವಾಗಿ ಕೊಂಡ ಕಿಲೋಗೂ ಕೌಂಟರಿನಲ್ಲಿ ತಕ್ಕಡಿಯ ಮೇಲೆ ಸಿಕ್ಕಿಬಿದ್ದ ಕಿಲೋಗೂ ಬೆಲೆಯಲ್ಲಿ ಬಹಳ ಅಂತರ. ಹೋಗುವ ದಾರಿಗೂ ಬರುವ ದಾರಿಗೂ ಬೇರೆ ಮಿತಿ ಇಡುವ ಪದ್ಧತಿಯೂ ಉಂಟು. ರಜೆಗೆ ಊರಿಗೆ ಬರುವಾಗ 30 ಕಿಲೋ ತಂದವರು ಹಿಂದಿರುಗುವಾಗಲೂ ಅಷ್ಟೇ ಇದೆಯೇ ಎಂದು ಎರಡೂ ಹಾರಾಟಗಳ ಮುಂದೆ ಅಚ್ಚಾದದ್ದನ್ನು ಓದಬೇಕು. ಎರಡು ವರ್ಷದೊಳಗಿನ ಮಗು ಜೊತೆಗಿದ್ದರೆ ಕೆಲವು ಸಂಸ್ಥೆಗಳು 10 ಕೆ.ಜಿ.ಯಷ್ಟು ಹೆಚ್ಚುವರಿ ಕೊಡುತ್ತವೆ. ಓದಲು ಹೋಗುವವರಿಗೆ ವಿದ್ಯಾರ್ಥಿ ದರದಲ್ಲಿ ಹೆಚ್ಚಿನ ಪೆಟ್ಟಿಗೆಯೋ ತೂಕವೋ ಸಿಗುವುದುಂಟು. ಇಂಥವನ್ನು ಟಿಕೆಟು ಮಾಡುವಾಗಲೇ ಕೇಳಿ ಪಡೆಯಬೇಕು, ಕೌಂಟರಿನಲ್ಲಿ ಕೇಳಿದರೆ ಸಿಗುವುದಿಲ್ಲ.

ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು ಹೆಸರು ಬರೆದು ಒಯ್ಯುವುದು ನಮ್ಮ ಗಲ್ಫ್ ಪ್ರಯಾಣಿಕರ ಹಳೆಯ ರೂಢಿ. ದುಬೈ ವಿಮಾನ ನಿಲ್ದಾಣ 2017ರಿಂದ ದುಂಡಗಿನ, ಅಂಕುಡೊಂಕಾದ, ಒಂದಾದರೂ ಸಮತಟ್ಟಾದ ಮೈ ಇಲ್ಲದ ಲಗೇಜನ್ನು ಒಪ್ಪುತ್ತಿಲ್ಲ. ಸಾಗಣೆಯ ಪಟ್ಟಿಯಲ್ಲಿ ಅವು ಉರುಳಿ ಸಿಕ್ಕಿಹಾಕಿಕೊಳ್ಳುತ್ತವೆ. ಕಂಬಳಿಯ ಗಂಟಿಗಿಂತ ಚೌಕನೆಯ ಗಟ್ಟಿ ಪೆಟ್ಟಿಗೆಯೇ ವಾಸಿ. ಉಮ್ರಾ ಮುಗಿಸಿ ಬರುವವರಿಗೆ ಹಲವು ಸಂಸ್ಥೆಗಳು ಐದು ಲೀಟರು ಝಮ್‌ಝಮ್ ನೀರನ್ನು ಬೇರೆಯಾಗಿ ತರಲು ಬಿಡುತ್ತವೆ, ಆದರೆ ನಿಗದಿತ ಪೆಟ್ಟಿಗೆಯಲ್ಲಿ ಸೀಲು ಮಾಡಿದ್ದನ್ನು ಮಾತ್ರ. ಬಾಟಲಿಯಲ್ಲಿ ತುಂಬಿ ಬಟ್ಟೆಗಳ ನಡುವೆ ಇಡುವಂತಿಲ್ಲ.

ಕೈಚೀಲ

ಇಲ್ಲಿ ಹೇಳಬೇಕಾದದ್ದು ಕಡಿಮೆ. ಭಾರತದ ಸಂಸ್ಥೆಗಳಲ್ಲೂ ಗಲ್ಫ್‌ನ ಹಲವು ಸಂಸ್ಥೆಗಳ ಎಕಾನಮಿಯಲ್ಲೂ 7 ಕೆ.ಜಿ., ಲುಫ್ತಾನ್ಸಾದಲ್ಲಿ 8 ಕೆ.ಜಿ. ಇದೆ. ಬ್ರಿಟಿಷ್ ಏರ್‌ವೇಸ್ ಮಾತ್ರ 23 ಕೆ.ಜಿ.ಯವರೆಗೂ ಬಿಡುತ್ತದೆ, ಆದರೆ ಅದನ್ನು ಮೇಲಿನ ಗೂಡಿಗೆ ನೀವೇ ಎತ್ತಿಡಬೇಕು. ಮೇಲೆ ಹೇಳಿದ ಇಕ್ಕಟ್ಟಿನ ಹಂತದ ನಿಯಮ ಇಲ್ಲಿಯೂ ಸಲ್ಲುತ್ತದೆ: ಲಂಡನ್ನಿಗೆ ಹೋಗುವ ದೊಡ್ಡ ವಿಮಾನದಲ್ಲಿ ಎಷ್ಟೇ ಇರಲಿ, ಬಜಪೆಯಿಂದ ಹತ್ತುವ ಸಣ್ಣ ವಿಮಾನದ 7 ಕಿಲೋ ನಿಮ್ಮ ಕೈಚೀಲವನ್ನು ಅಳೆಯುತ್ತದೆ. ಲ್ಯಾಪ್‌ಟಾಪ್ ಚೀಲ ಆ ಏಳರೊಳಗೇ ಸೇರಿದೆಯೋ ಹೊರಗೋ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಚಿನ್ನ, ಹಣ, ಅಂಕಪಟ್ಟಿ, ನಿತ್ಯದ ಮಾತ್ರೆ ಇವು ಕೈಚೀಲದಲ್ಲೇ ಇರಲಿ.

ಪವರ್ ಬ್ಯಾಂಕ್ ಚೆಕ್‌ಇನ್ ಪೆಟ್ಟಿಗೆಯಲ್ಲಿ ಎಲ್ಲಿಯೂ ಇಡುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ಅದರ ಶಕ್ತಿ 100 ವ್ಯಾಟ್-ಗಂಟೆಯವರೆಗಿದ್ದರೆ ತಕರಾರಿಲ್ಲ, 100ರಿಂದ 160ರವರೆಗೆ ಸಂಸ್ಥೆಯ ಒಪ್ಪಿಗೆ ಬೇಕು, ಅದರ ಮೇಲಿನದು ನಿಷಿದ್ಧ. ಪವರ್ ಬ್ಯಾಂಕಿನ ಮೈಮೇಲೆ ಬರೆದಿರುವುದು ಹೆಚ್ಚಾಗಿ ಎಂಎಎಚ್ ಲೆಕ್ಕ, ಅದನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ವ್ಯಾಟ್-ಗಂಟೆ ಸಿಗುತ್ತದೆ. 20,000 ಎಂಎಎಚ್‌ನದು 74 ವ್ಯಾಟ್-ಗಂಟೆಯಾಗುವುದರಿಂದ ತೊಂದರೆಯಿಲ್ಲ. ಎಮಿರೇಟ್ಸ್ 2025ರ ಅಕ್ಟೋಬರಿನಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್ ಎಂದಿದೆ, ವಿಮಾನದೊಳಗೆ ಅದನ್ನು ಬಳಸುವುದನ್ನೂ ನಿಷೇಧಿಸಿದೆ.

ಊರಿನ ರುಚಿ ಮತ್ತು ಪರದೇಶದ ಕಾನೂನು

ವಿಮಾನ ಸಂಸ್ಥೆ ಒಯ್ಯಲು ಒಪ್ಪುವುದು ಒಂದು ಮಾತು, ಇಳಿಯುವ ದೇಶ ಒಳಗೆ ಬಿಡುವುದು ಬೇರೆಯೇ ಮಾತು. ನಮ್ಮವರಿಗೆ ಹೆಚ್ಚು ಸಂಕಟ ತರುವುದು ಈ ಎರಡನ್ನು ಒಂದೇ ಎಂದು ತಿಳಿಯುವುದು.

ಒಯ್ಯಲೇ ಬಿಡದ ವಸ್ತುಗಳಲ್ಲಿ ಕರಾವಳಿಯವರಿಗೆ ಮೊದಲು ಎದುರಾಗುವುದು ಕೊಬ್ಬರಿ. ಅದರಲ್ಲಿ ಎಣ್ಣೆಯ ಅಂಶ ಹೆಚ್ಚು; ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಲ್ಲ ಪದಾರ್ಥವೆಂದು ಅಂತಾರಾಷ್ಟ್ರೀಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಅದಕ್ಕೆ ಯುಎನ್ 1363 ಎಂಬ ಸಂಖ್ಯೆಯನ್ನೇ ಕೊಡಲಾಗಿದೆ. ಚೆಕ್‌ಇನ್ ಪೆಟ್ಟಿಗೆಯ ಎಕ್ಸ್‌ರೇಯಲ್ಲಿ ಕಂಡರೆ ಪೆಟ್ಟಿಗೆ ಬಿಚ್ಚಿಸುತ್ತಾರೆ. ಮಿಡಿ ಉಪ್ಪಿನಕಾಯಿ, ತೆಂಗಿನೆಣ್ಣೆ, ತುಪ್ಪ, ಜೋನಿಬೆಲ್ಲ ಇವು ಕೈಚೀಲದಲ್ಲಿ ದ್ರವ ಪದಾರ್ಥ ನೂರು ಮಿಲಿಲೀಟರು ಮೀರಬಾರದೆಂಬ ನಿಯಮಕ್ಕೆ ಸಿಕ್ಕಿಬೀಳುವುದರಿಂದ ಚೆಕ್‌ಇನ್ ಪೆಟ್ಟಿಗೆಗೇ ಸೇರಬೇಕು. ಸೀಲು ಮಾಡಿಸಿ, ಎರಡು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಟ್ಟೆಯ ನಡುವೆ ಇಡಬೇಕು.

ಗಸಗಸೆಯ ವಿಷಯದಲ್ಲಿ ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಸಂಯುಕ್ತ ಅರಬ್ ಸಂಸ್ಥಾನದಲ್ಲೂ ಸೌದಿ ಅರೇಬಿಯಾದಲ್ಲೂ ಗಸಗಸೆ ಮಾದಕ ವಸ್ತುಗಳ ಕಾನೂನಿನಡಿ ನಿಷಿದ್ಧ. ಪಾಯಸಕ್ಕೆಂದು ತಾಯಿ ಕಟ್ಟಿಕೊಟ್ಟ ಒಂದು ಸಣ್ಣ ಪೊಟ್ಟಣ ಮಗನನ್ನು ಪೊಲೀಸ್ ಠಾಣೆಗೆ ಕಳುಹಿಸಬಲ್ಲದು. ಮನೆಯಲ್ಲಿ ಹುರಿದು ಮಾಡಿದ ಮಸಾಲೆ ಪುಡಿಗೂ ಗಸಗಸೆ ಸೇರಿಸುವ ರೂಢಿ ಇರುವುದರಿಂದ, ಪೆಟ್ಟಿಗೆಗೆ ಹಾಕುವ ಮುನ್ನ ಅದನ್ನು ಮಾಡಿದ ಚಿಕ್ಕಮ್ಮನನ್ನೋ ದೊಡ್ಡಮ್ಮನನ್ನೋ ಕೇಳಿಯೇ ಹಾಕಿ. ವೀಳ್ಯದೆಲೆಯೂ ಸಂಸ್ಥಾನದಲ್ಲಿ ನಿಷಿದ್ಧ. ಮದುವೆ, ಉಪನಯನದ ಸಾಮಾನಿನ ಜೊತೆ ಅದು ಗೊತ್ತಿಲ್ಲದೆ ಹೋಗಿಬಿಡುತ್ತದೆ. ಕೆಮ್ಮಿನ ಔಷಧದ ಕೋಡೀನ್, ನೋವಿನ ಮಾತ್ರೆಯ ಟ್ರಮಡಾಲ್ ಇವಕ್ಕೂ ಅಲ್ಲಿ ಬಿಗಿ ನಿಯಂತ್ರಣವಿದೆ; ಅಂಥ ಔಷಧ ತೆಗೆದುಕೊಳ್ಳುವವರು ಮೊದಲೇ ಅಲ್ಲಿನ ಅನುಮತಿ ಪಡೆಯಬೇಕು, ವೈದ್ಯರ ಚೀಟಿಯನ್ನು ಜೊತೆಗಿಟ್ಟುಕೊಳ್ಳಬೇಕು.

ಯುರೋಪಿನ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ, ಆದ್ದರಿಂದ ತುಪ್ಪವೂ ಪೇಡವೂ ಮನೆಯಲ್ಲೇ ಉಳಿಯಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ತಿನ್ನುವ ಪದಾರ್ಥ ಏನಿದ್ದರೂ ಇಳಿಯುವ ಮುನ್ನ ಅರ್ಜಿಯಲ್ಲಿ ಬರೆದು ತಿಳಿಸಬೇಕು. ಬರೆದು ತಿಳಿಸಿದ ಪದಾರ್ಥವನ್ನು ಬೇಡವೆಂದರೆ ಅವರು ತೆಗೆದಿಟ್ಟುಕೊಳ್ಳುತ್ತಾರೆ ಅಷ್ಟೆ, ಮುಚ್ಚಿಟ್ಟದ್ದು ಸಿಕ್ಕಿದರೆ ದಂಡ ಕಟ್ಟಬೇಕು. ಅಮೆರಿಕದಲ್ಲೂ ಇದೇ ಕ್ರಮ. ಹಸಿ ಹಣ್ಣು, ತರಕಾರಿ, ಗಿಡದ ಕಡ್ಡಿ, ಮಾಂಸ ಇವನ್ನು ಒಯ್ಯುವ ಆಸೆಯನ್ನೇ ಬಿಡಬೇಕು. ಮಟ್ಟುಗುಳ್ಳ ಎಷ್ಟೇ ಪ್ರಿಯವಾದರೂ ಅದಕ್ಕೆ ಅಲ್ಲಿ ಪ್ರವೇಶವಿಲ್ಲ. ಹಲಸಿನ ಹಪ್ಪಳ, ಗೋಡಂಬಿ, ಕುಂದಾಪುರದ ಖಾರದ ಪುಡಿ ಇಂಥ ಒಣ ಪದಾರ್ಥಗಳನ್ನು ಅಂಗಡಿಯ ಸೀಲು, ಹೆಸರುಪಟ್ಟಿ ಇರುವ ಪೊಟ್ಟಣದಲ್ಲಿ ಒಯ್ದರೆ ಪರೀಕ್ಷಕರಿಗೆ ಅದೇನೆಂದು ಹೇಳುವುದು ಸುಲಭ.

ಹೊರಡುವ ದಿನವೂ ತಲಪಿದ ದಿನವೂ

ಪೆಟ್ಟಿಗೆಗಳನ್ನು ಮನೆಯಲ್ಲೇ ತೂಗಬೇಕು. ಕೊಕ್ಕೆಗೆ ಸಿಕ್ಕಿಸಿ ಎತ್ತಿದರೆ ತೂಕ ತೋರಿಸುವ ಸಣ್ಣ ಕೈತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದಕ್ಕೂ ಕೌಂಟರಿನ ತಕ್ಕಡಿಗೂ ಸ್ವಲ್ಪ ವ್ಯತ್ಯಾಸ ಇರಬಹುದಾದ್ದರಿಂದ ಪೆಟ್ಟಿಗೆಗೆ ಅರ್ಧ ಕಿಲೋ ಖಾಲಿ ಬಿಟ್ಟುಕೊಳ್ಳಿ. ಕಳುಹಿಸಲು ಬಂದವರು ಚೆಕ್‌ಇನ್ ಮುಗಿಯಿತೆಂದು ಒಳಗಿನಿಂದ ಫೋನು ಬರುವವರೆಗೆ ಹೊರಡಬಾರದು. ಹೆಚ್ಚಾದ ಸಾಮಾನನ್ನು ಮನೆಗೆ ಹಿಂದೆ ಒಯ್ಯಲು ಯಾರಾದರೂ ಬೇಕು. ಉಡುಪಿಗೋ ಕುಂದಾಪುರಕ್ಕೋ ಕಾರು ಹಿಂದಿರುಗಿದ ಮೇಲೆ ಕುಕ್ಕರು ಕಸದ ಬುಟ್ಟಿಯ ಪಕ್ಕದಲ್ಲಿ ಕೂರಬೇಕಾಗುತ್ತದೆ.

ಪೆಟ್ಟಿಗೆ ತುಂಬಿದ ಮೇಲೆ ಮುಚ್ಚುವ ಮೊದಲು ಒಂದು ಫೋಟೋ, ಮುಚ್ಚಿದ ಮೇಲೆ ಹೊರಮೈಯ ಒಂದು ಫೋಟೋ ತೆಗೆದಿಡಿ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸಿಗೆ ಅಂಟಿಸಿಕೊಡುವ ಸಣ್ಣ ಟ್ಯಾಗಿನ ಚೀಟಿಯನ್ನು ಪೆಟ್ಟಿಗೆ ಕೈಗೆ ಸಿಕ್ಕಿ ಬಿಚ್ಚಿ ನೋಡುವವರೆಗೆ ಎಸೆಯಬೇಡಿ. ಪೆಟ್ಟಿಗೆ ಬಾರದೆ ಹೋದರೆ, ಒಡೆದು ಬಂದರೆ, ನಿಲ್ದಾಣದಿಂದ ಹೊರಬೀಳುವ ಮೊದಲೇ ಸಂಸ್ಥೆಯ ಮೇಜಿಗೆ ಹೋಗಿ ಪಿಐಆರ್ ಎಂಬ ವರದಿ ಬರೆಸಿ ಅದರ ಪ್ರತಿ ಪಡೆಯಬೇಕು. ವಿಮಾನ ಪ್ರಯಾಣದಲ್ಲಿ ಆದ ಹಾನಿಗೆ ಪರಿಹಾರ ಗೊತ್ತುಮಾಡುವ ಮಾಂಟ್ರಿಯಲ್ ಎಂಬ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದೆ, ಗಲ್ಫ್‌ನ ದೇಶಗಳೂ ಅಮೆರಿಕ, ಯುರೋಪುಗಳೂ ಅದರಲ್ಲಿವೆ. ಅದರ ಪ್ರಕಾರ ಹಾನಿಯಾದ ಪೆಟ್ಟಿಗೆಗೆ ಕೈಸೇರಿದ 7 ದಿನದೊಳಗೆ, ತಡವಾಗಿ ಬಂದದ್ದಕ್ಕೆ ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬಾರದ ಪೆಟ್ಟಿಗೆಯನ್ನು ಕಳೆದುಹೋದದ್ದೆಂದು ಪರಿಗಣಿಸಿ ಪರಿಹಾರ ಕೇಳಬಹುದು. ದಾವೆಗೆ ಎರಡು ವರ್ಷದ ಗಡುವು. ಪರಿಹಾರದ ಮೇಲ್ಮಿತಿ 2024ರ ಡಿಸೆಂಬರ್ 28ರಿಂದ ಪ್ರಯಾಣಿಕರೊಬ್ಬರಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಎಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ, ಅದರ ರೂಪಾಯಿ ಬೆಲೆ ದಿನದಿನಕ್ಕೆ ಬದಲಾಗುತ್ತದೆ. ಅದಕ್ಕಿಂತ ಬೆಲೆಬಾಳುವ ಸಾಮಾನನ್ನು ಪೆಟ್ಟಿಗೆಯಲ್ಲಿ ಇಡಲೇಬೇಕಾದರೆ ಚೆಕ್‌ಇನ್ ಹೊತ್ತಿನಲ್ಲೇ ವಿಶೇಷ ಘೋಷಣೆ ಮಾಡಿ ಹೆಚ್ಚುವರಿ ಶುಲ್ಕ ಕಟ್ಟುವ ಅವಕಾಶವೂ ಒಪ್ಪಂದದಲ್ಲಿದೆ.

ಒಂದೇ ಟಿಕೆಟಿನ ಪರವಾಗಿ ಇಲ್ಲಿ ಇನ್ನೊಂದು ಕಾರಣ ಸಿಗುತ್ತದೆ. ಒಂದೇ ಟಿಕೆಟಿನ ಪ್ರಯಾಣವನ್ನು ಒಪ್ಪಂದ ಒಂದೇ ಅಂತಾರಾಷ್ಟ್ರೀಯ ಪ್ರಯಾಣವೆಂದು ಎಣಿಸುವುದರಿಂದ ಬಜಪೆಯಿಂದ ಮುಂಬಯಿಯ ಹಾರಾಟದಲ್ಲಿ ಪೆಟ್ಟಿಗೆಗೆ ಆದ ಹಾನಿಯೂ ಅದೇ ರಕ್ಷಣೆಯೊಳಗೆ ಬರುತ್ತದೆ. ಅಕ್ಕನ ಮಗ ಮರುವರ್ಷ ರಜೆಗೆ ಬಂದು ಹಿಂದಿರುಗುವಾಗ ಮಂಗಳೂರಿನಿಂದ ಅವನ ಊರಿನವರೆಗೆ ಒಂದೇ ಟಿಕೆಟು ಮಾಡಿದೆವು. ದರ ಐದು ಸಾವಿರ ಹೆಚ್ಚಾಯಿತು. ಎರಡು ಪೆಟ್ಟಿಗೆಗಳು 22 ಮತ್ತು ಇಪ್ಪತ್ತೆರಡೂವರೆ ಕಿಲೋ ತೂಗಿ ಬಜಪೆಯ ಪಟ್ಟಿಯ ಮೇಲೆ ಒಳಗೆ ಹೋದವು. ಮಿಡಿ ಉಪ್ಪಿನಕಾಯಿಯ ಡಬ್ಬಿ ಈ ಸಲ ಅವುಗಳಲ್ಲೊಂದರ ನಡುವೆ, ಅಕ್ಕ ತಾನೇ ಸುತ್ತಿದ ಎರಡು ಪ್ಲಾಸ್ಟಿಕ್ ಚೀಲಗಳೊಳಗೆ ಇತ್ತು.